ಇಡೀ ಚಾರ್ಟಿನಷ್ಟು ಅಗಲದ ಮುಖ

"ಇವಳಿಗೆ ಮೂಗೆಲ್ಲಿ?" ಎಂದು ಕೇಳಿದ ಆಶ್ರಿತ್.

"ಅನಿಮೆಲಿ, ಅದೇ ಜಪಾನ್ ಕಾರ್ಟೂನಲ್ಲಿ, ಮೂಗು ಅಷ್ಟೇ ಇರೋದು. ಒಂದು ಚುಕ್ಕೆ," ಎಂದಳು ಇಂಚರ.

"ಮೂಗೂ ಇಲ್ಲ, ಬಾಯೂ ಇಲ್ಲ. ಮತ್ತೆ ಇಷ್ಟಗಲ ಮುಖ ಇಟ್ಕೊಂಡು ಏನ್ ಮಾಡ್ತಾಳೆ? ಬಾಡಿಗೆಗೆ ಕೊಡ್ತಾಳಾ?"

ಇಂಚರ ಚಾರ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು. ಚಾರ್ಟ್ ದೊಡ್ಡದು, ಇಂಚರ ಚಿಕ್ಕವಳು. ಹಾಗಾಗಿ ಅಣ್ಣನಿಗೆ ಕಾಣುತ್ತಿದ್ದದ್ದು ಒಂದು ಭಾರಿ ಮುಖ, ಅದರ ಕೆಳಗೆ ತಂಗಿಯ ಎರಡು ಕಾಲು. ಅದನ್ನೂ ಅವನು ಬಹಳ ಹೊತ್ತು ನೋಡಲಿಲ್ಲ. ಅವನ ಕಣ್ಣು ಮತ್ತೆ ಮೊಬೈಲಿಗೆ ಹೋಯಿತು. ಒಂಬತ್ತನೇ ಕ್ಲಾಸಿನವರಿಗೆ ತುಂಬಾ ಕೆಲಸ ಇರುತ್ತದೆ.

"ಸರಿಯಾಗಿ ನೋಡೋ," ಎಂದಳು ಇಂಚರ.

"ನೋಡ್ದೆ."

"ಎರಡು ಸೆಕೆಂಡ್ ನೋಡ್ದೆ."

"ಅಷ್ಟು ಸಾಕು. ಮಿಕ್ಕಿದ್ದು ರಾತ್ರಿ ಕನಸಲ್ಲಿ ಬರುತ್ತೆ."

ಈ ಚಿತ್ರಕ್ಕೆ ಇಂಚರ ಎರಡು ಭಾನುವಾರ ಪೂರ್ತಿ ಕೊಟ್ಟಿದ್ದಳು. ಆಡಲು ಹೋಗಿರಲಿಲ್ಲ. ಟಿವಿ ಹಾಕಿರಲಿಲ್ಲ. ಯಾರಾದರೂ ಒಬ್ಬರು ಅದರ ಮುಂದೆ ನಿಂತು ನಿಧಾನವಾಗಿ ನೋಡಬೇಕು ಎನ್ನುವುದು ಅವಳ ಆಸೆ. ಹೊಗಳದಿದ್ದರೂ ಪರವಾಗಿಲ್ಲ, ನೋಡಿದರೆ ಸಾಕು ಎಂದುಕೊಂಡಿದ್ದಳು. ಹೊಗಳದಿದ್ದರೂ ಪರವಾಗಿಲ್ಲ ಎನ್ನುವುದು ಶುದ್ಧ ಸುಳ್ಳು. ಆದರೆ ಈ ಮನೆಯಲ್ಲಿ ನೋಡುವುದಕ್ಕೇ ಗತಿ ಇಲ್ಲದಿರುವಾಗ ಹೊಗಳಿಕೆಯ ಮಾತು ಎಲ್ಲಿಂದ ಬರಬೇಕು.

ತಮಾಷೆ ಎಂದರೆ, ಗ್ರಿಡ್ ಹಾಕಿ ಬರೆಯುವುದನ್ನು ಅವಳಿಗೆ ಹೇಳಿಕೊಟ್ಟವನೂ ಇದೇ ಆಶ್ರಿತ್. ಇಂಚರಳ ಪೆನ್ಸಿಲ್ ಬಾಕ್ಸಿನ ಮುಚ್ಚಳದ ಮೇಲೆ ಒಬ್ಬ ಅನಿಮೆ ಹುಡುಗಿ ಇದ್ದಳು. ನೇರಳೆ ಕೂದಲು, ಚೂಪು ಗಲ್ಲ, ಮುಖದ ಅರ್ಧ ಭಾಗ ಬರೀ ಕಣ್ಣು. ಅವಳನ್ನು ಬರೆಯಲು ಹೋದಾಗಲೆಲ್ಲ ಒಂದು ಕಣ್ಣು ಹಣೆಗೆ ಹತ್ತುತ್ತಿತ್ತು, ಇನ್ನೊಂದು ಕೆನ್ನೆಗೆ ಇಳಿಯುತ್ತಿತ್ತು. ನೋಡಿ ನೋಡಿ ಸಾಕಾಗಿ ಆಶ್ರಿತ್ ಬಾಯಿಬಿಟ್ಟಿದ್ದ.

"ಮುಚ್ಚಳಾನ ಝೆರಾಕ್ಸ್ ಮಾಡಿಸ್ಕೊ. ಅದರ ಮೇಲೆ ಉದ್ದಕ್ಕೆ ಅಡ್ಡಕ್ಕೆ ಗೆರೆ ಹಾಕಿ ಚೌಕ ಚೌಕ ಮನೆ ಮಾಡು. ಚಾರ್ಟ್ ಮೇಲೂ ಅಷ್ಟೇ ಮನೆ ಮಾಡು. ಆಮೇಲೆ ಕಣ್ಣು, ಬಾಯಿ ಅಂತೆಲ್ಲ ಯೋಚ್ನೆನೇ ಮಾಡ್ಬೇಡ. ಈ ಮನೇಲಿ ಏನಿದೆಯೋ ಅದನ್ನ ಆ ಮನೇಲಿ ಬರಿ. ಮಂಗನಿಗೂ ಬರುತ್ತೆ."

ಮಂಗನಿಗೆ ಬರುತ್ತಿತ್ತೋ ಏನೋ. ಮಂಗನ ಅಮ್ಮ ಚಾರ್ಟ್ ತಂದುಕೊಡುವಾಗ, "ದೊಡ್ಡ ಚಾರ್ಟ್ ಇದು, ಒಂದಿಂಚೂ ವೇಸ್ಟ್ ಮಾಡ್ಬಾರ್ದು" ಎಂದು ಹೇಳುತ್ತಿರಲಿಲ್ಲ. ಇಂಚರಳ ಅಮ್ಮ ಹೇಳಿದ್ದಳು.

ಇಂಚರ ಹುಟ್ಟಿ ಬೆಳೆದದ್ದು ಬೆಂಗಳೂರಿನ ಕುಮಾರಸ್ವಾಮಿ ಲೇಔಟ್‌ನಲ್ಲಿ. ಸೈಟಿನಲ್ಲಿ ಒಂದಿಂಚು ಜಾಗ ಬಿಟ್ಟು ಮನೆ ಕಟ್ಟಿಸಿದವರನ್ನು ಅವಳು ಇಲ್ಲಿಯವರೆಗೆ ಕಂಡಿಲ್ಲ. ಅವರ ಅಡುಗೆಮನೆಯ ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಮನೆಯ ಒಗ್ಗರಣೆ ಸೌಟೇ ಸಿಗುತ್ತದೆ. ಅಂಥ ಊರಿನ ಹುಡುಗಿ ಚಾರ್ಟಿನಲ್ಲಿ ಜಾಗ ಬಿಡುತ್ತಾಳೆಯೇ? ಚಾರ್ಟನ್ನು ಅಡ್ಡಲಾಗಿ ಹಾಸಿ, ಈ ಅಂಚಿನಿಂದ ಆ ಅಂಚಿನವರೆಗೆ ಗೆರೆ ಎಳೆದಳು. ಮನೆಗಳ ಲೆಕ್ಕ ಸರಿಯಾಗಿತ್ತು. ಆದರೆ ಝೆರಾಕ್ಸ್ ಮೇಲಿನ ಮನೆಗಳು ಚೌಕ, ಚಾರ್ಟ್ ಮೇಲಿನ ಮನೆಗಳು ಅಗಲ. ಒಂದೊಂದು ಮನೆಯನ್ನೂ ಅವಳು ನಾಲಿಗೆ ಕಚ್ಚಿಕೊಂಡು ನಿಷ್ಠೆಯಿಂದ ತುಂಬಿದಳು. ಒಂದು ಗೆರೆಯೂ ತಪ್ಪಲಿಲ್ಲ. ಹುಡುಗಿ ಮಾತ್ರ ಅಡ್ಡಕ್ಕೆ ಹಿಗ್ಗುತ್ತಾ ಹಿಗ್ಗುತ್ತಾ ಹೋದಳು.

ಅಷ್ಟಕ್ಕೇ ನಿಲ್ಲಲಿಲ್ಲ. ಕಣ್ಣಿಗೆ ಕಪ್ಪು ತುಂಬುವಾಗ ಸ್ಕೆಚ್ ಪೆನ್ ಸೋರಿತು. ಕಣ್ಣೊಳಗೆ ಮಿನುಗಬೇಕಿದ್ದ ಬಿಳಿ ಚುಕ್ಕೆಗಳೂ ಮುಚ್ಚಿಹೋದವು. ಈಗ ದೋಸೆಯಷ್ಟು ದೊಡ್ಡ ಎರಡು ಕಪ್ಪು ಕಣ್ಣುಗಳು, ರೆಪ್ಪೆ ಬಡಿಯದೆ, ಎದುರಿಗೆ ಇದ್ದವರನ್ನು ನೆಟ್ಟಗೆ ನೋಡುತ್ತಿದ್ದವು.

"ನಾನು ಚೌಕ ಹಾಕು ಅಂದೆ. ನೀನು ಆಯತ ಹಾಕಿದೀಯ," ಎಂದ ಆಶ್ರಿತ್, ಮೊಬೈಲಿನಿಂದ ತಲೆ ಎತ್ತದೆ.

"ಅಮ್ಮನೇ ವೇಸ್ಟ್ ಮಾಡ್ಬೇಡ ಅಂದಿದ್ದು."

"ನಾನೇನು ಮುಖ ಹಿಗ್ಗಿಸು ಅಂದಿದ್ನಾ?" ಎಂಬ ಉತ್ತರ ಅಡುಗೆಮನೆಯಿಂದ ಬಂತು. ಅಮ್ಮ ಚಿತ್ರ ನೋಡಲು ಹೊರಗೆ ಬರಲಿಲ್ಲ. ಒಲೆಯ ಮೇಲೆ ಸಾರು ಇತ್ತು.

ಮನೆಯಲ್ಲಿ ಕಲೆ ಅರ್ಥವಾಗುವವರು ಇಲ್ಲ ಎಂದು ತೀರ್ಮಾನಿಸಿ ಇಂಚರ ಚಿತ್ರವನ್ನು ಸ್ಕೂಲಿಗೆ ಒಯ್ದಳು. ಅಲ್ಲಿ ಡ್ರಾಯಿಂಗ್ ಕಲಿಸುವ ವಿಜಯಲಕ್ಷ್ಮಿ ಮಿಸ್ ಇದ್ದರು. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು, ಪಕ್ಕದಲ್ಲಿ ತೆಂಗಿನ ಮರ. ಇದಿಷ್ಟು ಇದ್ದರೆ ಅವರ ಪ್ರಕಾರ ಅದು ಚಿತ್ರ. ಐದನೇ ಕ್ಲಾಸಿನ ಮಕ್ಕಳು ಗುಡಿಸಲು ಬರೆದು ಬರೆದು ಒಂದು ಊರಿಗಾಗುವಷ್ಟು ಗುಡಿಸಲು ಸೇರಿಸಿಟ್ಟಿದ್ದರು. ಅಲ್ಲಿ ವಾಸ ಮಾಡಲು ಒಬ್ಬ ಮನುಷ್ಯನೂ ಇರಲಿಲ್ಲ.

ಮಿಸ್ ಅಟೆಂಡೆನ್ಸ್ ತೆಗೆದುಕೊಳ್ಳುತ್ತಲೇ ಚಾರ್ಟ್ ಕಡೆ ಒಮ್ಮೆ ಕಣ್ಣು ಹಾಯಿಸಿದರು. "ಗುಡ್. ಇದನ್ನ ಮನೇಲಿ ಇಟ್ಕೊ. ಕ್ಲಾಸಲ್ಲಿ ಸೀನರಿ ಮಾಡು," ಎಂದರು.

ಪಕ್ಕದಲ್ಲಿ ಕೂರುವ ಅಂಜನಾ ಇಂಚರಳ ಬೆಸ್ಟ್ ಫ್ರೆಂಡ್. ಬೆಸ್ಟ್ ಫ್ರೆಂಡ್ ಆದವರು ಸತ್ಯವನ್ನೇ ಹೇಳುತ್ತಾರೆ. ಅದೂ ಎಲ್ಲರಿಗೂ ಕೇಳುವ ಹಾಗೆ.

"ಇವಳ ಮೇಲೆ ರೋಡ್ ರೋಲರ್ ಹೋಯ್ತೇನೆ?" ಎಂದಳು ಅಂಜನಾ.

ಕ್ಲಾಸೆಲ್ಲ ನಕ್ಕಿತು. ಇಂಚರಳೂ ನಕ್ಕಳು, ಏಕೆಂದರೆ ನಗದಿದ್ದರೆ ಅಳಬೇಕಾಗುತ್ತಿತ್ತು. ಚಾರ್ಟನ್ನು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಬೆಂಚಿನ ಕೆಳಗೆ ತಳ್ಳಿದಳು.

ಸಂಜೆ ಸ್ಕೂಲಿನಿಂದ ನಡೆದು ಬರುವಾಗ ಅವರ ರಸ್ತೆಯ ಕೊನೆಯ ಮನೆಯ ಮರುಳಸಿದ್ದಪ್ಪ ತಾತ ಗೇಟಿನ ಮುಂದೆ ನಿಂತಿದ್ದರು. ಬ್ಯಾಂಕ್ ಕೆಲಸದಿಂದ ರಿಟೈರ್ ಆದ ಮೇಲೆ ತಾತನಿಗೆ ಸುಮ್ಮನಿರಲು ಆಗದೆ, ತಾವಿರುವ ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟಿಸುತ್ತಿದ್ದರು. ಮೇಸ್ತ್ರಿ ಹೋದ ಮೇಲೆ ಹೊಸ ಗೋಡೆಗೆ ಪೈಪ್ ಹಿಡಿದು ನೀರು ಬಿಡುವುದು ಅವರ ದಿನದ ಕೆಲಸ.

"ಏನದು ಪುಟ್ಟಿ, ಮ್ಯಾಪಾ?" ಎಂದು ಕೇಳಿದರು.

"ಅಲ್ಲ ತಾತ. ಡ್ರಾಯಿಂಗ್."

"ಎಲ್ಲಿ, ತೋರ್ಸು."

ಇಂಚರ ಬೇಸರದಿಂದಲೇ ರಬ್ಬರ್ ಬ್ಯಾಂಡ್ ಬಿಚ್ಚಿ ಚಾರ್ಟ್ ಹಿಡಿದಳು. ತಾತ ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಎಡಕ್ಕೆ ಹೋಗಿ ನೋಡಿದರು, ಬಲಕ್ಕೆ ಬಂದು ನೋಡಿದರು. ಕೈಯಲ್ಲಿದ್ದ ಪೈಪಿನ ನೀರು ಅವರ ಚಪ್ಪಲಿಯ ಮೇಲೇ ಸುರಿಯುತ್ತಿತ್ತು. ಅದೂ ಅವರಿಗೆ ಗೊತ್ತಾಗಲಿಲ್ಲ.

"ಕಮಲಾ, ಸ್ವಲ್ಪ ಬಾ ಇಲ್ಲಿ," ಎಂದು ಕೂಗಿದರು.

ಕಮಲಾದೇವಿ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದವರು ಗೇಟಿನಲ್ಲೇ ನಿಂತುಬಿಟ್ಟರು.

"ಅಬ್ಬಬ್ಬಾ, ಏನ್ ಕಣ್ಣವ್ವಾ ಇವು. ಎದೆ ಝಲ್ ಅಂತು," ಎಂದರು.

ಎರಡು ದಿನದಲ್ಲಿ ಯಾರ ಎದೆಯೂ ಝಲ್ ಎಂದಿರಲಿಲ್ಲ. ಇಂಚರ ಚಾರ್ಟನ್ನು ಇನ್ನಷ್ಟು ಎತ್ತರಕ್ಕೆ ಹಿಡಿದಳು.

"ಇದನ್ನ ನಂಗೆ ಕೊಡ್ತೀಯಾ ಪುಟ್ಟಿ?" ಎಂದರು ತಾತ. "ಮನೆಗೆ ಹಾಕ್ಸ್ತೀನಿ. ಎಲ್ರಿಗೂ ಕಾಣೋ ಹಾಗೆ."

ಎಲ್ಲಿ ಹಾಕಿಸುತ್ತೀರಿ ಎಂದು ಇಂಚರ ಕೇಳಲಿಲ್ಲ. ದೊಡ್ಡ ಕಲಾವಿದರು ಅಂಥದ್ದನ್ನೆಲ್ಲ ಕೇಳುವುದಿಲ್ಲ ಎಂದು ಅವಳಿಗೆ ಆ ಕ್ಷಣವೇ ಹೊಳೆದಿತ್ತು. ಚಾರ್ಟನ್ನು ತಾತನ ಕೈಗೆ ಕೊಟ್ಟು, ಮನೆಯವರೆಗೂ ಕುಣಿದುಕೊಂಡು ಹೋದಳು.

ಮರುದಿನ ಸ್ಕೂಲಿನಲ್ಲಿ ಅವಳು ಹೇಳಿದ್ದು ಇಷ್ಟೇ. ಹೊಸ ಮನೆ ಕಟ್ಟಿಸುವವರೊಬ್ಬರು ನನ್ನ ಡ್ರಾಯಿಂಗ್ ಕೇಳಿ ತಗೊಂಡ್ರು. ಊಟದ ಹೊತ್ತಿಗೆ ಅದು, ಆ ಮನೆಗೆ ಮೊದಲು ಹಾಕುವುದೇ ನನ್ನ ಪೇಂಟಿಂಗ್ ಎಂದಾಯಿತು. ಕೊನೆಯ ಬೆಲ್ ಹೊಡೆಯುವ ಹೊತ್ತಿಗೆ, ಇಂಚರಳ ಪೇಂಟಿಂಗಿಗೆ ಮ್ಯಾಚ್ ಆಗುವ ಹಾಗೆ ಆ ಮನೆಯವರು ಗೋಡೆಗೆಲ್ಲ ಬಣ್ಣ ಆರಿಸುತ್ತಿದ್ದರು.

"ಆ ರೋಡ್ ರೋಲರ್ ಹುಡುಗಿನಾ?" ಎಂದಳು ಅಂಜನಾ.

"ಹೌದು. ಅದೇ."

"ಶನಿವಾರ ಬರ್ತೀನಿ. ನಂಗೂ ತೋರ್ಸು."

"ಬಾ. ಎಷ್ಟೊತ್ತಿಗಾದ್ರೂ ಬಾ," ಎಂದಳು ಇಂಚರ ಧಾರಾಳವಾಗಿ.

ಬುಧವಾರ ಸಂಜೆ ಅವಳು ತನ್ನ ಚಿತ್ರವನ್ನು ಕಂಡಳು. ಹುಡುಕಬೇಕಾದ ಅಗತ್ಯವೇ ಬರಲಿಲ್ಲ. ರಸ್ತೆಯ ತಿರುವಿನಿಂದಲೇ ಕಾಣುತ್ತಿತ್ತು.

ಹೊಸ ಮಹಡಿಯ ಮುಂದೆ ಗಾರೆಯವರು ನಿಲ್ಲಲು ಕಟ್ಟಿದ ಬೊಂಬುಗಳಿದ್ದವು. ಅವುಗಳ ನಟ್ಟನಡುವೆ ಚಿತ್ರವನ್ನು ಬಿಗಿದಿದ್ದರು. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹಾಕಿಸಿದ್ದರು. ಮುಖದ ಎಡಕ್ಕೆ ಒಂದು ಬೂದುಗುಂಬಳಕಾಯಿ ತೂಗುತ್ತಿತ್ತು. ಬಲಕ್ಕೆ ದಾರದಲ್ಲಿ ಪೋಣಿಸಿದ ಮೆಣಸಿನಕಾಯಿ, ನಿಂಬೆಹಣ್ಣು. ಕೆಳಗೆ, ಹುಡುಗಿಯ ಗಲ್ಲಕ್ಕೆ ತಾಗುವ ಹಾಗೆ, ಒಂದು ಹಳೇ ಚಪ್ಪಲಿ.

ಬೆಂಗಳೂರಿನಲ್ಲಿ ಹತ್ತು ವರ್ಷ ಬದುಕಿದವರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟುತ್ತಿರುವ ಮನೆಯನ್ನು ಕಂಡು ಯಾರೋ ಹೊಟ್ಟೆ ಉರಿದುಕೊಂಡರೆ ಅವರ ದೃಷ್ಟಿ ತಾಗುತ್ತದೆ ಎಂದು ಜನಕ್ಕೆ ಹೆದರಿಕೆ. ಅದಕ್ಕೆ ಮನೆಯ ಮುಂದೆ ವಿಕಾರವಾದದ್ದು ಏನನ್ನಾದರೂ ಕಟ್ಟುತ್ತಾರೆ. ಸಾಮಾನ್ಯವಾಗಿ ಕೋರೆಹಲ್ಲು ಬಿಟ್ಟುಕೊಂಡ, ನಾಲಿಗೆ ಚಾಚಿದ ರಾಕ್ಷಸನ ಮುಖ. ಅದನ್ನು ದೃಷ್ಟಿ ಬೊಂಬೆ ಎನ್ನುತ್ತಾರೆ. ತಾತನ ಮನೆಯ ಮುಂದೆ ರಾಕ್ಷಸ ಇರಲಿಲ್ಲ. ಇಂಚರ ಬರೆದ ಹುಡುಗಿ ಇದ್ದಳು.

ಇಂಚರ ಅಲ್ಲಿಂದ ಬಿರಬಿರನೆ ಹೆಜ್ಜೆ ಹಾಕಿದಳು. ರಸ್ತೆಯಲ್ಲಿ ಅಳಬಾರದು ಎಂದು ಮನೆಯವರೆಗೆ ತಡೆದುಕೊಂಡಳು. ಬಾಗಿಲಿಗೆ ಬಂದ ಮೇಲೆ ತಡೆದುಕೊಳ್ಳಲಿಲ್ಲ.

ವಿಷಯ ಕೇಳಿ ಆಶ್ರಿತ್ ಚಪ್ಪಲಿ ಮೆಟ್ಟಿಕೊಂಡು ಓಡಿಹೋಗಿ ನೋಡಿ ಬಂದ. ತಂಗಿಯ ಚಿತ್ರ ನೋಡಲು ಅವನು ಓಡಿದ್ದು ಇದೇ ಮೊದಲು.

"ಕಂಗ್ರಾಟ್ಸ್," ಎಂದ. "ರಾಕ್ಷಸನ ಕೆಲಸ ಹೋಯ್ತು. ನಿನ್ನ ಹುಡುಗಿಗೆ ಸಿಕ್ತು."

"ಶನಿವಾರ ಅಂಜನಾ ಬರ್ತಾಳೆ. ಸೋಮವಾರ ಕ್ಲಾಸಿಗೆಲ್ಲ ಗೊತ್ತಾಗುತ್ತೆ. ನಾನು ಸ್ಕೂಲಿಗೇ ಹೋಗಲ್ಲ," ಎಂದಳು ಇಂಚರ ಬಿಕ್ಕುತ್ತಾ.

ಆಶ್ರಿತ್ ತಂಗಿಯ ಮುಖ ನೋಡಿದ. ಸ್ವಲ್ಪ ಹೊತ್ತು ಮೊಬೈಲ್ ನೋಡಿದ. ಆಮೇಲೆ ಅದನ್ನು ಮಗುಚಿ ಮೇಜಿನ ಮೇಲೆ ಇಟ್ಟ. ಈ ಮನೆಯಲ್ಲಿ ಅದು ಸಣ್ಣ ಸಂಗತಿಯಲ್ಲ.

"ಸ್ಕೇಲ್ ತಗೊಂಬಾ," ಎಂದ. "ಇನ್ನೊಂದು ಬರಿ. ಸರಿಯಾಗಿರೋದು. ಅದನ್ನ ಕೊಟ್ಟು ಇದನ್ನ ಇಳ್ಸು. ತಾತ ಬೇಡ ಅನ್ನಲ್ಲ."

ಈ ಸಲ ಆಶ್ರಿತ್ ಪಕ್ಕದಲ್ಲೇ ಕೂತು ಗೆರೆ ಹಾಕಿಸಿದ. ಝೆರಾಕ್ಸ್ ಮೇಲೆ ಚೌಕ, ಚಾರ್ಟ್ ಮೇಲೂ ಚೌಕ. ಚಾರ್ಟಿನ ಎರಡೂ ಬದಿಗೆ ಬೇಕಾದಷ್ಟು ಬಿಳಿ ಜಾಗ ಉಳಿಯಿತು. ಅಮ್ಮ ಆ ಕಡೆ ಹಾದುಹೋಗುವಾಗ ಆ ಖಾಲಿ ಜಾಗವನ್ನು ನೋಡಿದಳು. ಏನೋ ಹೇಳಲು ಹೋಗಿ, ನುಂಗಿಕೊಂಡು, ಅಡುಗೆಮನೆಗೆ ನಡೆದಳು.

ಗುರುವಾರ ಮಲಗುವ ಮೊದಲು ಚಿತ್ರ ಮುಗಿಯಿತು. ಚೂಪು ಗಲ್ಲ, ಮಿನುಗುವ ಕಣ್ಣು, ಗಾಳಿಗೆ ಹಾರುವ ನೇರಳೆ ಕೂದಲು. ಪೆನ್ಸಿಲ್ ಬಾಕ್ಸಿನ ಪಕ್ಕ ಇಟ್ಟು ನೋಡಿದರೆ ಇವಳು ಯಾರು, ಅವಳು ಯಾರು ಎಂದು ಹೇಳಲು ಆಗುತ್ತಿರಲಿಲ್ಲ.

"ಸಖತ್ತಾಗಿದೆ," ಎಂದ ಆಶ್ರಿತ್. ಇಂಚರ ಕಾಯುತ್ತಿದ್ದ ಮಾತು ಅದು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಅವನು ಮತ್ತೆ ಮೊಬೈಲ್ ಕೈಗೆ ತೆಗೆದುಕೊಂಡಿದ್ದ.

ಶುಕ್ರವಾರ ಸಂಜೆ ಇಂಚರ ಹೊಸ ಚಾರ್ಟ್ ಹಿಡಿದು ತಾತನ ಮನೆಗೆ ಹೋದಳು. ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದಳು. ತಾತ, ಅದು ಮಿಸ್ಟೇಕ್ ಆಗಿತ್ತು. ಇದು ಒರಿಜಿನಲ್. ಇದನ್ನ ಹಾಕಿ, ಅದನ್ನ ಕೊಡಿ.

ಹೇಳಿದಳು. ತಾತ ಹೊಸ ಚಿತ್ರ ನೋಡಿದರು. ಎರಡೇ ಸೆಕೆಂಡ್.

"ಚೆನ್ನಾಗಿದೆ. ನನ್ನ ಮೊಮ್ಮಗಳ ಸ್ಕೂಲ್ ಬ್ಯಾಗ್ ಮೇಲೂ ಇವಳೇ ಇದಾಳೆ," ಎಂದರು. "ಆದ್ರೆ ಪುಟ್ಟಿ, ಇಷ್ಟು ಮುದ್ದಾಗಿದ್ರೆ ಅಲ್ಲಿ ಕೆಲಸ ಆಗಲ್ಲ. ಅದೇ ಸರಿ ಇತ್ತು."

"ಅದರ ಮುಖ ಅಗಲ ಆಗ್ಬಿಟ್ಟಿದೆ ತಾತ."

"ಅಗಲ ಇರೋದಕ್ಕೇ ಅಲ್ವಾ."

ಅಷ್ಟರಲ್ಲಿ ಕಮಲಾದೇವಿ ಅಜ್ಜಿ ಸೊಪ್ಪಿನ ಮೊರ ಹಿಡಿದು ಬಂದು ಮೆಟ್ಟಿಲ ಮೇಲೆ ಕೂತರು. ಇಂಚರ ಏಕೆ ಬಂದಿದ್ದಾಳೆ ಎಂದು ಕೇಳಿ ತಿಳಿದುಕೊಂಡರು. ಒಂದೆರಡು ಎಲೆ ಬಿಡಿಸಿದರು.

"ನೋಡವ್ವಾ, ನಂಗೆ ಈ ಮೇಲಿನ ಮನೆ ಬೇಕೇ ಇರ್ಲಿಲ್ಲ. ಇವರು ಕೇಳ್ಬೇಕಲ್ಲ," ಎಂದರು ಆಮೇಲೆ. "ತಾರಸಿಗೆ ಮೌಲ್ಡ್ ಹಾಕೋ ದಿನ ಮಳೆ ಬಂತು. ಆಮೇಲೆ ಇವರು ಏಣಿಯಿಂದ ಜಾರಿದ್ರು. ಏನೂ ಆಗ್ಲಿಲ್ಲ ಅಂತ ನಗ್ತಾರೆ. ಆವತ್ತಿಂದ ಇವರು ಮೇಲೆ ಹತ್ತಿದ್ರೆ ನಾನು ಕೆಳಗೆ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿರ್ತೀನಿ. ಒಂದು ರಾಕ್ಷಸನ ಮುಖ ತಂದು ಕಟ್ಟಿದ್ವಿ. ಅದನ್ನೂ ಯಾರೋ ಕದ್ಕೊಂಡು ಹೋದ್ರು."

ಊರಿನ ಕೆಟ್ಟ ಕಣ್ಣನ್ನೆಲ್ಲ ಓಡಿಸಬೇಕಾದ ರಾಕ್ಷಸನನ್ನೇ ಒಬ್ಬ ಕಳ್ಳ ಹೊತ್ತೊಯ್ದಿದ್ದ. ಅಂಥವನು ಇದ್ದೂ ಏನು ಪ್ರಯೋಜನವಾಗುತ್ತಿತ್ತು ಎಂದು ಕೇಳಬಹುದಿತ್ತು. ಅಜ್ಜಿಯ ಮುಖ ನೋಡಿದ ಮೇಲೆ ಇಂಚರಳಿಗೆ ಕೇಳಲು ಮನಸ್ಸಾಗಲಿಲ್ಲ.

"ನಿನ್ನ ಹುಡುಗಿ ಬಂದ್ಮೇಲೆ ಬೆಳಿಗ್ಗೆ ಎದ್ದು ಮೊದ್ಲು ಹೊರಗೆ ಬಂದು ಅವಳನ್ನ ನೋಡ್ತೀನಿ," ಎಂದರು ಅಜ್ಜಿ. "ಎಷ್ಟು ಗಟ್ಟಿಯಾಗಿ ನೋಡ್ತಾಳೆ ನೋಡು. ಯಾರಿಗೂ ಹೆದರಲ್ಲ ಅವಳು. ಇವಳಿದಾಳೆ ಬಿಡು ಅನ್ಸುತ್ತೆ. ನಿನ್ನೆ ಇವರು ಮೇಲೆ ಹೋದಾಗ ನಾನು ಒಳಗೆ ಕೂತು ಧಾರಾವಾಹಿ ನೋಡ್ದೆ. ಎಷ್ಟು ದಿನ ಆಗಿತ್ತು ನೆಮ್ಮದಿಯಾಗಿ ನೋಡಿ."

ಸೋರಿದ ಸ್ಕೆಚ್ ಪೆನ್ನಿಗೂ ಜಾರುವ ಏಣಿಗೂ ಏನು ಸಂಬಂಧವೋ ಇಂಚರಳಿಗೆ ಗೊತ್ತಿಲ್ಲ. ಇಲ್ಲ ಎಂದೇ ಅವಳ ಅನುಮಾನ. ಅವಳು ತಲೆ ಎತ್ತಿ ಚಿತ್ರ ನೋಡಿದಳು. ಹುಡುಗಿ ಬೂದುಗುಂಬಳಕಾಯಿಯ ಪಕ್ಕದಿಂದ ಅವಳನ್ನೇ ನೋಡುತ್ತಿದ್ದಳು.

"ಆದ್ರೆ ಅದು ನಿನ್ನ ಚಿತ್ರ ಅಲ್ವಾ ತಾಯಿ," ಎಂದರು ಅಜ್ಜಿ. "ಮೊದ್ಲೇ ಇದಕ್ಕೆ ಅಂತ ನಿಂಗೆ ಹೇಳ್ಬೇಕಿತ್ತು. ನಮ್ಮದೇ ತಪ್ಪು. ನಿಂಗೆ ಬೇಜಾರಾಗೋದು ಬೇಡ. ಏನ್ರೀ, ಬಿಚ್ಚಿ ಕೊಡಿ ಮಗೂಗೆ."

ತಾತ ಪೈಪ್ ಕೆಳಗಿಟ್ಟು ಏಣಿಯ ಬಳಿ ಹೋದರು. ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಅಜ್ಜಿ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದು, ಎರಡೂ ಕೈಯಲ್ಲಿ ಏಣಿಯನ್ನು ಹಿಡಿದುಕೊಂಡರು. ಬೆರಳ ತುದಿಯಲ್ಲಿ ಇನ್ನೂ ಒಂದು ಸೊಪ್ಪಿನ ಎಲೆ ಅಂಟಿಕೊಂಡಿತ್ತು.

"ಬೇಡ ತಾತ," ಎಂದಳು ಇಂಚರ. "ಇರ್ಲಿ ಬಿಡಿ."

"ಮತ್ತೆ ಬೇಕು ಅಂದ್ಯಲ್ಲ?"

"ಸುಮ್ನೆ ಕೇಳ್ದೆ."

ಹೊಸ ಚಾರ್ಟನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಮನೆಗೆ ಹೊರಟಳು. ಅರ್ಧ ದಾರಿಯಲ್ಲಿ ತನ್ನ ಮೇಲೆ ತನಗೇ ಕೋಪ ಬಂತು. ಕೈಗೆ ಬಂದದ್ದನ್ನು ತಾನೇ ಬಿಟ್ಟು ಬಂದಾಗಿತ್ತು. ನಾಳೆ ಅಂಜನಾ ಬಂದಾಗ ಜಾರಿ ಬೀಳುವವಳು ತಾನೇ, ತನ್ನ ಏಣಿ ಹಿಡಿದುಕೊಳ್ಳಲು ಯಾವ ಅಜ್ಜಿಯೂ ಇರುವುದಿಲ್ಲ.

ಶನಿವಾರ ಅಂಜನಾ ಬಂದಳು. ಮಳೆ ಬಂದ ದಿನ ಸ್ಕೂಲಿಗೆ ಬಾರದವಳು, ಹೊಟ್ಟೆನೋವು ಎಂದರೆ ಎರಡು ದಿನ ರಜೆ ಹಾಕುವವಳು, ಈ ಕಾರ್ಯಕ್ರಮಕ್ಕೆ ಮಾತ್ರ ಹೇಳಿದ ಸಮಯಕ್ಕಿಂತ ಮೊದಲೇ ಬಂದು ನಿಂತಳು. ಇಂಚರ ಅವಳನ್ನು ಒಳಗೆ ಕರೆದು ಚಕ್ಕುಲಿ ಕೊಟ್ಟಳು. ನೀರು ಕೊಟ್ಟಳು. ಮತ್ತೆ ಚಕ್ಕುಲಿ ಕೊಟ್ಟಳು.

ಅವಳ ಲೆಕ್ಕ ಹೀಗಿತ್ತು. ಹೊಸ ಚಿತ್ರ ಮೇಜಿನ ಮೇಲೆಯೇ ಇದೆ. ತಾತನ ಮನೆಯಲ್ಲಿ ಯಾರೂ ಇಲ್ಲವಂತೆ, ಇದೇ ನೋಡು ಆ ಪೇಂಟಿಂಗ್, ಫ್ರೇಮ್ ಹಾಕಿಸಲು ವಾಪಸ್ ಕೊಟ್ಟಿದ್ದಾರೆ ಎಂದುಬಿಡುವುದು. ಸುಳ್ಳು ಚೆನ್ನಾಗಿಯೇ ಇತ್ತು. ಹೇಳುವುದೊಂದು ಬಾಕಿ.

"ಇದಾ ಅದು?" ಎಂದು ಅಂಜನಾ ತಾನೇ ಚಾರ್ಟ್ ಬಿಚ್ಚಿದಳು. "ಅಯ್ಯೋ, ಇದು ನಿನ್ನ ಪೆನ್ಸಿಲ್ ಬಾಕ್ಸ್." ಎರಡು ಸೆಕೆಂಡ್ ನೋಡಿ ಮತ್ತೆ ಸುತ್ತಿಟ್ಟಳು. "ಆ ರೋಡ್ ರೋಲರ್ ಹುಡುಗಿ ಎಲ್ಲಿ?"

ಇಂಚರ ಒಮ್ಮೆ ಚಾರ್ಟ್ ನೋಡಿದಳು, ಒಮ್ಮೆ ಬಾಗಿಲು ನೋಡಿದಳು.

"ಬಾ," ಎಂದಳು.

ತಾತನ ಮನೆಯ ಎದುರಿನ ಫುಟ್‌ಪಾತ್ ಮೇಲೆ ಇಬ್ಬರೂ ನಿಂತರು. ಅಂಜನಾ ಮೇಲೆ ನೋಡಿದಳು. ಬಾಯಿ ತೆರೆದಳು. ಆಮೇಲೆ ಅವಳು ನಕ್ಕ ರೀತಿಗೆ, ವಿದ್ಯುತ್ ಕಂಬದ ಕೆಳಗೆ ಮಲಗಿದ್ದ ನಾಯಿ ಎದ್ದು ಬೇರೆ ಜಾಗ ಹುಡುಕಿಕೊಂಡು ಹೋಯಿತು.

"ದೃಷ್ಟಿ ಬೊಂಬೆ. ನಿನ್ನ ಪೇಂಟಿಂಗ್ ದೃಷ್ಟಿ ಬೊಂಬೆ. ಕೆಳಗೆ ಚಪ್ಪಲಿ ಬೇರೆ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಎದುರಿಗೆ ಗೇಟಿನ ಒಳಗೆ ಅಜ್ಜಿ ಅಂಗಳ ಗುಡಿಸುತ್ತಿದ್ದರು. ಪೊರಕೆಯ ಸದ್ದು ನಿಂತಿತು. ಇಂಚರ ಗೇಟಿನ ಕಡೆ ನೋಡಿದಳು. ಅದನ್ನು ಅಣ್ಣ ಬರೆದದ್ದು ಎನ್ನಬಹುದಿತ್ತು. ತಾತ ಕೇಳದೆ ಕಟ್ಟಿಬಿಟ್ಟರು ಎನ್ನಬಹುದಿತ್ತು. ಎರಡೂ ಮಾತು ನಾಲಿಗೆಯ ತುದಿಯವರೆಗೆ ಬಂದವು.

"ಹೌದು," ಎಂದಳು. "ನಾನೇ ಬರ್ದಿದ್ದು. ಅಜ್ಜಿಗೆ ಬೇಕಿತ್ತು."

ಸ್ವಲ್ಪ ಹೊತ್ತಿಗೆ ಪೊರಕೆಯ ಸದ್ದು ಮತ್ತೆ ಶುರುವಾಯಿತು.

ಅಂಜನಾ ಇನ್ನೂ ನಗುತ್ತಿದ್ದಳು. ನಗುತ್ತಲೇ ನಾಲ್ಕು ಹೆಜ್ಜೆ ಎಡಕ್ಕೆ ಹೋದಳು. ನಿಂತು ನೋಡಿದಳು. ಬಲಕ್ಕೆ ಬಂದು ನೋಡಿದಳು. ನಗು ಕಡಿಮೆಯಾಯಿತು.

"ಎಲ್ಲಿ ಹೋದ್ರೂ ನನ್ನನ್ನೇ ನೋಡ್ತಾಳೆ ಕಣೇ," ಎಂದಳು.

"ಹ್ಞೂಂ."

"ಒಂಥರಾ ಆಗುತ್ತೆ."

"ಗೊತ್ತು."

ತಾತನ ಮನೆಯ ಮುಂದೆ ರಸ್ತೆಗೆ ಒಂದು ಹಂಪ್ ಇತ್ತು. ಒಬ್ಬರು ಹೆಲ್ಮೆಟ್ ಅಂಕಲ್ ಸ್ಕೂಟರ್ ನಿಧಾನ ಮಾಡಿದರು, ತಲೆ ಎತ್ತಿದರು, ಹಂಪ್ ದಾಟಿದ ಮೇಲೂ ಹಿಂದೆ ತಿರುಗಿ ನೋಡುತ್ತಾ ಹೋದರು. ಅವರ ಹಿಂದೆ ತರಕಾರಿ ಗಾಡಿಯವರು ಬಂದರು. ಅವರು ಗಾಡಿಯನ್ನೇ ನಿಲ್ಲಿಸಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ಸಾವಕಾಶವಾಗಿ ನೋಡಿದರು. ಹೊಸ ಗೋಡೆಯನ್ನಾಗಲಿ, ದೊಡ್ಡ ದೊಡ್ಡ ಕಿಟಕಿಗಳನ್ನಾಗಲಿ ಇಬ್ಬರೂ ನೋಡಲಿಲ್ಲ. ಅವರು ನೋಡಿದ್ದು ಆ ಮುಖ ಒಂದನ್ನೇ.

ಇಂಚರ ಮೊದಲ ಸಲ ಚಿತ್ರದ ಕಡೆ ನೋಡುವುದನ್ನು ಬಿಟ್ಟು, ಚಿತ್ರವನ್ನು ನೋಡುವವರ ಕಡೆ ನೋಡಿದಳು. ಬುಧವಾರದಿಂದ ಇವರೆಲ್ಲ ಹೀಗೆಯೇ ನಿಂತು ನಿಂತು ಹೋಗಿರಬೇಕು. ತಾನು ಮನೆಯಲ್ಲಿ ಕೂತು ಅಳುತ್ತಿದ್ದಾಗಲೂ ಯಾರೋ ನಿಂತು ನೋಡಿರಬೇಕು.

"ಬಾರೆ, ಹೋಗೋಣ. ಬಿಸಿಲು," ಎಂದಳು ಅಂಜನಾ, ಅವಳ ಕೈ ಎಳೆಯುತ್ತಾ.

ಇಂಚರ ಕದಲಲಿಲ್ಲ. ರಸ್ತೆಯ ತಿರುವಿನಲ್ಲಿ ಹಾರ್ನ್ ಕೇಳಿಸಿತು.

"ಇರು," ಎಂದಳು. "ಇನ್ನೊಂದು ಸ್ಕೂಟರ್ ಬರ್ತಿದೆ."